ಮೂರೂವರೆ ಸಾವಿರದ ಪರೀಕ್ಷೆ

ಒಂಬತ್ತು ವರ್ಷ ಲ್ಯಾಬಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಆ ಮನೆಯ ಸೊಸೆಗೆ ಪರೀಕ್ಷೆಗಳ ದರವೆಲ್ಲ ಬಾಯಿಪಾಠವಾಗಿತ್ತು. ಗಾಜಿನ ಕಿಂಡಿಯಾಚೆಯಿಂದ ಯಾರಾದರೂ ಚೀಟಿ ತೂರಿಸಿದರೆ ಸಾಕು, ಕಂಪ್ಯೂಟರಿನ ಕಡೆ ಕಣ್ಣೂ ಹಾಯಿಸದೆ, "ಸಕ್ಕರೆಗೆ ಇಷ್ಟು, ಥೈರಾಯ್ಡ್‌ಗೆ ಇಷ್ಟು, ಎರಡೂ ಸೇರಿಸಿದ್ರೆ ಐವತ್ತು ಕಮ್ಮಿ" ಎಂದು ಪಟಪಟನೆ ಹೇಳಿಬಿಡುತ್ತಿದ್ದಳು. ಆ ಪರೀಕ್ಷೆಯಲ್ಲಿ ಏನು ನೋಡುತ್ತಾರೆ ಎಂದು ಯಾರಾದರೂ ಕೇಳಿದರೆ ಮಾತ್ರ, "ಅದನ್ನ ಡಾಕ್ಟರ್ ಹೇಳ್ತಾರೆ. ಮುಂದಿನೋರು ಬನ್ನಿ" ಎನ್ನುತ್ತಿದ್ದಳು. ಸಂಬಳಕ್ಕೆ ಅಷ್ಟು ತಿಳಿದಿದ್ದರೆ ಸಾಕಾಗಿತ್ತು.

ಮದುವೆಯಾಗಿ ಹನ್ನೊಂದನೆಯ ವರ್ಷ, ಮೂವತ್ತೇಳರ ವಯಸ್ಸಿನಲ್ಲಿ, ಇನ್ನು ಆ ಸುದ್ದಿಯೇ ಬೇಡವೆಂದು ಎಲ್ಲರೂ ಸುಮ್ಮನಾದ ಮೇಲೆ ಅವಳು ಬಸುರಿಯಾದಳು. ಅತ್ತೆ ಅವಳ ಕೈಯಿಂದ ನೀರಿನ ಬಕೆಟ್ಟು ಕಿತ್ತುಕೊಂಡರು. ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳಿಗೆ ಅಂಕಿ ಹಾಕಿದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಗಂಡ, ತಾವಿರುವ ಮೂರನೆಯ ಮಹಡಿಗೆ ಲಿಫ್ಟೇ ಇಲ್ಲವಲ್ಲ ಎಂದು ಅಲ್ಲಿಯವರೆಗೆ ಒಂದು ದಿನವೂ ಕೊರಗದವನು, ಈಗ ದಿನಕ್ಕೆ ಎರಡು ಸಲ ಕೊರಗತೊಡಗಿದ. ಮೈದುನ ಪ್ರತಿ ಬೆಳಿಗ್ಗೆ, "ಅತ್ತಿಗೆ, ಪಾಪು ಇವತ್ತು ಬರುತ್ತಾ?" ಎಂದು ಕೇಳಿಯೇ ಕೆಲಸಕ್ಕೆ ಹೊರಡುತ್ತಿದ್ದ.

ಮೈದುನನಿಗೆ ಮೂವತ್ತೊಂದು. ಮನೆಯವರಿಗೂ ಬೀದಿಯವರಿಗೂ ಅವನು 'ಮ್ಯಾನೇಜರ್'. ಗ್ಯಾಸ್ ಆರಿದೆಯೇ, ನಲ್ಲಿ ನಿಂತಿದೆಯೇ, ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡಿಕೊಳ್ಳುವ ಅಧಿಕಾರ ಅವನದು. ಅದನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಹುಟ್ಟಿದ ದಿನವೇ ಡಾಕ್ಟರು ಅವನ ಕಣ್ಣು, ಅಂಗೈ ನೋಡಿ ಡೌನ್ ಸಿಂಡ್ರೋಮ್ ಎಂದಿದ್ದರು. ಮಾತು ನಿಧಾನ, ಲೆಕ್ಕ ಇಪ್ಪತ್ತರವರೆಗೆ. ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಅವನು ಮಡಿಸಿದ ಶೀಟಿನ ಅಂಚು ಗೆರೆ ಎಳೆದ ಹಾಗಿರುತ್ತದೆಂದು ಲಾಂಡ್ರಿ ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹದಿಮೂರನೆಯ ವಾರದಲ್ಲಿ ಡಾಕ್ಟರಮ್ಮ ಸೊಸೆಯನ್ನೂ ಅವಳ ಗಂಡನನ್ನೂ ಎದುರಿಗೆ ಕೂರಿಸಿಕೊಂಡು, ಸ್ಕ್ಯಾನು ಮತ್ತು ರಕ್ತದ ವರದಿ ಪಕ್ಕಪಕ್ಕ ಇಟ್ಟರು.

"ಎರಡೂ ಸೇರಿಸಿ ನೋಡಿದ್ರೆ ಡೌನ್ ಸಿಂಡ್ರೋಮ್ ಸಾಧ್ಯತೆ ಇನ್ನೂರ ಹತ್ತರಲ್ಲಿ ಒಂದು."

"ಅಂದ್ರೆ, ಇದೆಯಾ ಇಲ್ವಾ?" ಎಂದ ಗಂಡ.

"ಇದೆ, ಇಲ್ಲ ಅಂತ ಇದು ಹೇಳಲ್ಲ. ಇಂಥ ವರದಿ ಬಂದ ಇನ್ನೂರ ಹತ್ತು ಜನರಲ್ಲಿ ಒಬ್ಬರ ಮಗುವಿಗೆ ಇರಬಹುದು ಅಂತ. ಮನೇಲಿ ಯಾರಿಗಾದ್ರೂ ಇದೆಯಾ?"

ಗಂಡ ಮೇಜಿನ ಮೇಲಿದ್ದ ಪೆನ್‌ಸ್ಟ್ಯಾಂಡ್ ನೋಡುತ್ತ ಕೂತ. ಅವಳೇ, "ನನ್ನ ಮೈದುನನಿಗಿದೆ" ಎಂದಳು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಹತ್ತು ನಿಮಿಷ ಅವರು ಹೇಳಿದ್ದೆಲ್ಲ ಕೇಳುವಾಗ ಸಲೀಸಾಗಿ ತಿಳಿದಂತಿತ್ತು. ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಅವಳ ತಲೆಯಲ್ಲಿ ಉಳಿದದ್ದು ಬರಿ ದರಗಳು.

ಅವತ್ತು ಸಂಜೆ ಊಟದ ಮೇಜಿನ ಮೇಲೆ ಮಾವ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ ಸ್ಕೇಲು ಹಿಡಿದು ಗೆರೆ ಎಳೆದರು. ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಯಾವ ತಾಪತ್ರಯವನ್ನೇ ಆಗಲಿ ಖಾನೆಗಳಿಗೆ ಹಾಕುವವರೆಗೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ಹೇಳಮ್ಮ, ಒಂದೊಂದಾಗಿ ಹೇಳು."

"ಮೊದಲನೇದು ನನ್ನ ರಕ್ತ. ಅದರಲ್ಲಿ ಮಗೂದೂ ಚೂರು ಸೇರಿರುತ್ತಂತೆ. ಅದನ್ನ ನೋಡಿ ಹೇಳ್ತಾರೆ. ಇಪ್ಪತ್ತೆರಡು ಸಾವಿರ."

"ಖಚಿತಾನಾ?"

"ನೂರಕ್ಕೆ ತೊಂಬತ್ತೊಂಬತ್ತು ಅಂತಾರೆ. ಆದ್ರೂ ಅದು ಅಂದಾಜೇ ಅಂತೆ. ಇದೆ ಅಂತ ಬಂದ್ರೆ ಸೂಜೀದು ಮಾಡಿಸಿಯೇ ನಂಬಬೇಕು."

"ಸೂಜೀದು ಅಂದ್ರೆ?"

"ಹೊಟ್ಟೆಗೆ ಸೂಜಿ ಹಾಕಿ ಮಗು ಸುತ್ತ ಇರೋ ನೀರು ತೆಗೆದು ನೋಡ್ತಾರೆ. ಅದು ಖಚಿತ. ಹದಿನಾಲ್ಕು ಸಾವಿರ."

ಮಾವನ ಪೆನ್ನು ನಿಂತಿತು. "ಖಚಿತವಾಗಿ ಹೇಳೋದಕ್ಕೆ ಹದಿನಾಲ್ಕು, ಅಂದಾಜಿಗೆ ಇಪ್ಪತ್ತೆರಡಾ? ಉಲ್ಟಾ ಕೇಳಿಸ್ಕೊಂಡು ಬಂದಿಲ್ಲ ತಾನೆ?"

"ಇಲ್ಲ ಮಾವ. ಸೂಜಿ ಹಾಕಿದ್ರೆ ಐನೂರಕ್ಕೋ ಸಾವಿರಕ್ಕೋ ಒಬ್ಬರಿಗೆ ಗರ್ಭ ಇಳಿದುಹೋಗುತ್ತಂತೆ. ರಕ್ತದ್ದಕ್ಕೆ ಆ ಭಯ ಇಲ್ಲ."

"ಐನೂರಕ್ಕೋ ಸಾವಿರಕ್ಕೋ? ಒಂದಕ್ಕೊಂದು ಎರಡರಷ್ಟಿದೆಯಲ್ಲಮ್ಮ. ಯಾವುದು ಬರ್ಕೊಳ್ಲಿ?"

"ಎರಡೂ ಬರ್ಕೊಳ್ಳಿ. ಆಮೇಲೆ ಅದೇ ನೀರನ್ನ ಇನ್ನೂ ಸೂಕ್ಷ್ಮವಾಗಿ ನೋಡೋದು ಒಂದಿದೆ. ಮೂವತ್ತು ಸಾವಿರ."

"ಸೂಕ್ಷ್ಮ ಅಂದ್ರೆ ಏನು ನೋಡ್ತಾರೆ?"

ಅವಳ ಬಾಯಿಗೆ, ಅದನ್ನ ಡಾಕ್ಟರ್ ಹೇಳ್ತಾರೆ ಎನ್ನುವ ಮಾತೇ ಬಂತು. ನುಂಗಿಕೊಂಡಳು. "ಬೇರೆ ಸಣ್ಣಪುಟ್ಟ ತೊಂದರೆಗಳೂ ಗೊತ್ತಾಗುತ್ತಂತೆ. ಕೆಲವು ಸಲ ಏನೋ ಕಾಣುತ್ತಂತೆ, ಅದು ತೊಂದರೆ ಹೌದೋ ಅಲ್ವೋ ಅವರಿಗೂ ಗೊತ್ತಾಗಲ್ವಂತೆ."

"ಗೊತ್ತಾಗದೇ ಇರೋದಕ್ಕೆ ಎಲ್ಲಕ್ಕಿಂತ ಜಾಸ್ತಿ ದುಡ್ಡು" ಎಂದು ಮಾವ ಬರೆದುಕೊಂಡರು.

ಅತ್ತೆ ತಟ್ಟೆಗಳಿಗೆ ಅನ್ನ ಬಡಿಸುತ್ತಿದ್ದವರು ಕೇಳಿದರು: "ಇನ್ನೂರ ಹತ್ತರಲ್ಲಿ ಒಂದು ಅಂತೀಯಲ್ಲ, ಉಳಿದ ಇನ್ನೂರ ಒಂಬತ್ತು ಜನಾನೂ ಇಷ್ಟು ದುಡ್ಡು ಸುರಿದ ಮೇಲೇ 'ಇಲ್ಲ' ಅನ್ನಿಸಿಕೊಳ್ಳಬೇಕಾ?"

ಮ್ಯಾನೇಜರ್, "ಇಲ್ಲ ಅನ್ನೋಕೆ ನಾನು ದುಡ್ಡು ತಗೊಳಲ್ಲ" ಎಂದ. ಎಲ್ಲರೂ ನಕ್ಕರು.

"ಇನ್ನೊಂದಿದೆ" ಎಂದಳು ಸೊಸೆ, ನಗು ಮುಗಿಯುವ ಮೊದಲೇ ಹೇಳಿ ಮುಗಿಸುವ ಆತುರದಲ್ಲಿ. "ಇದರಲ್ಲಿ ಎರಡು ಬಗೆ ಇದೆಯಂತೆ. ಒಂದು ತಾನಾಗೇ ಆಗೋದು, ಯಾರಿಂದಲೂ ಬಂದಿದ್ದಲ್ಲ. ಇನ್ನೊಂದು ಅಪರೂಪದ್ದು, ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬರಬಹುದು. ನಮ್ಮ ಮ್ಯಾನೇಜರ್‌ದು ಯಾವ ಬಗೆ ಅಂತ ಗೊತ್ತಾದ್ರೆ ನನಗೆ ಯಾವ ಪರೀಕ್ಷೆ ಬೇಕು ಅಂತ ಹೇಳೋದು ಸುಲಭವಂತೆ. ಅವನ ರಕ್ತ ಆದ್ರೂ ಸರಿ, ಇವರ ರಕ್ತ ಆದ್ರೂ ಸರಿ. ಮೂರೂವರೆ ಸಾವಿರ, ಅಷ್ಟೇ."

ಮಾವನ ಮುಖ ಅರಳಿತು. ಹಾಳೆಯ ಮೇಲೆ ಅಷ್ಟು ಹೊತ್ತಿಗೆ ಅಗ್ಗದ್ದೊಂದು ಕಾಣಿಸಿತ್ತು. "ಅದನ್ನೇ ಮೊದಲು ಮಾಡಿಸೋಣ."

ಅತ್ತೆಯ ಕೈಯಿಂದ ಸೌಟು ಪಾತ್ರೆಯೊಳಕ್ಕೆ ಬಿತ್ತು. "ಅವನ ರಕ್ತ ಯಾರೂ ಮುಟ್ಟಕೂಡದು" ಎಂದರು. "ಹುಟ್ಟಿದಾಗಿನಿಂದ ಹೃದಯಕ್ಕೆ ಅಂತ, ಕಿವಿಗೆ ಅಂತ ಚುಚ್ಚಿಸಿಕೊಂಡಿದ್ದು ಸಾಲದಾ? ಇನ್ನೊಬ್ಬರ ಮಗುವಿಗೋಸ್ಕರ ಬೇರೆ ಚುಚ್ಚಿಸಿಕೊಳ್ಳಬೇಕಾ?"

ಇನ್ನೊಬ್ಬರ ಮಗು ಎಂಬ ಮಾತು ಮೇಜಿನ ಮೇಲೆ ಹಾಗೇ ಉಳಿಯಿತು. ಹೇಳಿದ ಅತ್ತೆಗೂ ಅದು ಕೇಳಿಸಿರಬೇಕು. ಸೊಸೆಯ ತಟ್ಟೆಗೆ ಕೇಳದೆಯೇ ಎರಡನೆಯ ಮೊಟ್ಟೆ ಇಟ್ಟು ಒಳಗೆ ಹೋದರು.

ಹಾಗಾದರೆ ಉಳಿದದ್ದು ಗಂಡನ ರಕ್ತ. ಮರುದಿನ ಬೆಳಿಗ್ಗೆ ಅವನು ಶೂಗೆ ಪಾಲಿಶ್ ಹಾಕುತ್ತಿದ್ದಾಗ ಅವಳು ಮಾತು ತೆಗೆದಳು.

"ರೀ, ಹೋಗ್ತಾ ಲ್ಯಾಬಿಗೆ ಬಂದು ಕೊಟ್ಟುಬಿಡಿ. ಐದು ನಿಮಿಷದ ಕೆಲಸ."

"ನನಗೇನಾಗಿದೆ? ನಾನು ಚೆನ್ನಾಗೇ ಇದ್ದೀನಲ್ಲ."

"ಚೆನ್ನಾಗಿರೋರಲ್ಲೂ ಅವಿತುಕೊಂಡಿರಬಹುದಂತೆ."

"ಏನು ಅವಿತುಕೊಳ್ಳೋದು? ನಾನೇನು ಕಳ್ಳನಾ?" ಬ್ರಶ್ಶು ಬಿಸುಟ. "ನೀನು ಇಪ್ಪತ್ತೆರಡರದ್ದು ಮಾಡಿಸ್ಕೋ. ಬೇಕಾದ್ರೆ ಬೈಕ್ ಮಾರ್ತೀನಿ."

"ನನ್ನ ತೋಳಿಗೆ ಸೂಜಿ ಹಾಕೋಕೆ ಬೈಕ್ ಮಾರ್ತೀರಿ, ನಿಮ್ಮ ತೋಳಿಗೆ ಹಾಕೋಕೆ ಮೂರೂವರೆ ಸಾವಿರ ಹುಟ್ಟಲ್ವಾ?"

"ದುಡ್ಡಿನ ಮಾತಲ್ಲ ಇದು."

"ಮತ್ತೆ ಯಾವುದರ ಮಾತು?"

ಅವನು ಒಂದೇ ಶೂಗೆ ಪಾಲಿಶ್ ಹಾಕಿಕೊಂಡು, ಇನ್ನೊಂದನ್ನು ಹಾಗೇ ಮೆಟ್ಟಿಕೊಂಡು, ದಡದಡ ಮೆಟ್ಟಿಲಿಳಿದುಹೋದ. ಅವಳಿಗೆ ಸಿಟ್ಟು ಬಂದಷ್ಟೇ ಪಾಪವೂ ಅನ್ನಿಸಿತು. ಚಿಕ್ಕಂದಿನಲ್ಲಿ ಬೀದಿ ಹುಡುಗರು ತಮ್ಮನನ್ನು ಆಡಿಕೊಂಡಾಗ ಹೊಡೆದಾಡಿ ಬಂದವನು ಅವನೇ, ಹುಬ್ಬಿನ ಮೇಲೆ ಗುರುತು ಇನ್ನೂ ಇತ್ತು. ತಮ್ಮನಲ್ಲಿರುವುದರ ಒಂದು ಚೂರು ತನ್ನೊಳಗೂ ಇದೆ ಎನ್ನಿಸಿಕೊಳ್ಳಲು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಇದು ಅಭಿಮಾನವೋ ಭಯವೋ ಅವಳಿಗೆ ತಿಳಿಯಲಿಲ್ಲ.

ತನ್ನ ಲ್ಯಾಬಿನಲ್ಲಿ ವಿಚಾರಿಸಿದಳು. ಸಿಬ್ಬಂದಿಗೆ ಅರ್ಧ ರಿಯಾಯಿತಿ ಇತ್ತು, ಆದರೆ ಇಂಥವನ್ನೆಲ್ಲ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದರಿಂದ ಇವಕ್ಕೆ ಇಲ್ಲ. ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ನಿಂತು ಬೇರೆ ಮೂರು ಕಡೆಗೆ ಫೋನು ಮಾಡಿದಳು. ರಕ್ತದ್ದಕ್ಕೆ ಒಂದು ಕಡೆ ಹದಿನೇಳು ಸಾವಿರ, ಆದರೆ ವರದಿ ವಿವರಿಸಲು ಬೇರೆ ಎರಡು. ಇನ್ನೊಂದು ಕಡೆ ಇಪ್ಪತ್ತಾರು. ಇದೆ ಅಂತ ಬಂದರೆ ಸೂಜಿಯದು ಉಚಿತ. ಮೂರನೆಯ ಕಡೆಯ ಹುಡುಗಿ, "ಮೇಡಂ, ಬೇಸಿಕ್ ಬೇಕಾ, ಪ್ಲಸ್ ಬೇಕಾ, ಪ್ರೀಮಿಯಂ ಬೇಕಾ?" ಎಂದಳು.

"ಪ್ಲಸ್‌ನಲ್ಲಿ ಏನು ಜಾಸ್ತಿ ನೋಡ್ತಾರೆ?"

"ಜಾಸ್ತಿ ಕಂಡಿಷನ್ಸ್ ಮೇಡಂ."

"ಯಾವುವು?"

"ಅದನ್ನ ಡಾಕ್ಟರ್ ಹೇಳ್ತಾರೆ ಮೇಡಂ."

ಫೋನು ಇಟ್ಟು ತನ್ನ ಕಿಂಡಿಗೆ ವಾಪಸು ಬಂದಾಗ ಹದಿನಾರು ಜನ ಸಾಲಿನಲ್ಲಿದ್ದರು. ಮೊದಲನೆಯ ಮುದುಕ ಚೀಟಿ ತೂರಿಸಿ, "ಇದು ಯಾತಕ್ಕೆ ತಾಯಿ?" ಎಂದಾಗ ಅವಳು ದರ ಹೇಳುವುದನ್ನೂ ಬಿಟ್ಟು ಅವನ ಮುಖ ನೋಡುತ್ತ ಕೂತಳು. ಹಿಂದಿನವರು ಗೊಣಗಿದರು.

ಮನೆಯಲ್ಲಿ ಹಾಳೆ ತುಂಬುತ್ತ ಹೋಯಿತು. ಮಾವ ಹೊಸ ದರಗಳನ್ನು ಕೆಂಪು ಶಾಯಿಯಲ್ಲಿ ಸೇರಿಸಿದರು, ಒಂದು ಖಾನೆ ಹೊಡೆದುಹಾಕಿದರು, ಮತ್ತೆ ಅದನ್ನೇ ಪಕ್ಕದಲ್ಲಿ ಬರೆದರು. "ಮೊದಲು ಅಂದಾಜಿನದು ಮಾಡಿಸಿ ಆಮೇಲೆ ಖಚಿತದ್ದಾದ್ರೆ ಮೂವತ್ತಾರು. ನೇರ ಖಚಿತದ್ದಕ್ಕೆ ಹೋದ್ರೆ ಹದಿನಾಲ್ಕು, ಆದರೆ ಅಪಾಯ. ಅಪಾಯಕ್ಕೆ ಎಷ್ಟು ಅಂತ ಹಾಕೋದು?" ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮೂವತ್ತನಾಲ್ಕು ವರ್ಷದಲ್ಲಿ ವಿಳಾಸವಿಲ್ಲದ ಕಾಗದ ಎಷ್ಟೋ ಬಂದಿದ್ದವು. ಅವಕ್ಕೆಂದೇ ಬೇರೆ ಗೂಡು ಇರುತ್ತಿತ್ತು. ಇದಕ್ಕೆ ಅಂಥದ್ದೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅತ್ತೆ, ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮೂರು ದಿನದಿಂದ ಅವರ ನಡುವೆ ಉಪ್ಪು, ಗ್ಯಾಸು, ಹಾಲು ಬಿಟ್ಟರೆ ಮಾತಿರಲಿಲ್ಲ.

"ಅವತ್ತು ಇನ್ನೊಬ್ಬರ ಮಗು ಅಂದುಬಿಟ್ಟೆ" ಎಂದರು ಅತ್ತೆ. "ನಾಲಿಗೆ ಜಾರಿತು. ಹೊಟ್ಟೆಗೆ ಹಾಕ್ಕೋ."

"ಬಿಡಿ ಅತ್ತೆ."

"ಬಿಡೋ ಹಾಗಿಲ್ಲ, ಕೇಳು. ಇವನು ಹುಟ್ಟಿದಾಗಲೂ ಡಾಕ್ಟರು ಇದೇ ಪರೀಕ್ಷೆ ಬರೆದುಕೊಟ್ಟಿದ್ರು. ಆಗ ನನಗೆ ಇಪ್ಪತ್ತೆಂಟು. ನಿಮ್ಮ ಮಾವನ ಅಕ್ಕ ತೊಟ್ಟಿಲ ಮುಂದೆ ನಿಂತು, ನಮ್ಮ ಕಡೆ ಇಂಥದ್ದು ಯಾವತ್ತೂ ಆಗಿಲ್ಲಪ್ಪ ಅಂದ್ರು. ಅಷ್ಟೇ ಅಂದಿದ್ದು. ಅಷ್ಟು ಸಾಕಾಯ್ತು ಎಲ್ಲರಿಗೂ. ನಾನು ಮಗೂನ ಎತ್ತಿಕೊಂಡು, ದುಡ್ಡು ಸೆರಗಿಗೆ ಕಟ್ಟಿಕೊಂಡು ಆಸ್ಪತ್ರೆ ಬಾಗಿಲವರೆಗೂ ಹೋಗಿದ್ದೆ."

"ಮಾಡಿಸಲಿಲ್ವಾ?"

"ಇಲ್ಲ. ನನ್ನ ಕಡೆಯಿಂದ ಅಂತ ಬಂದ್ರೆ ಈ ಮನೇಲಿ ತಲೆ ಎತ್ತೋದು ಹೇಗೆ? ಅವರ ಕಡೆಯಿಂದ ಅಂತ ಬಂದ್ರೆ ಅವರು ನನ್ನ ಮುಖ ನೋಡೋದು ಹೇಗೆ? ಗೊತ್ತಾಗದೇ ಇದ್ರೆ ಇಬ್ಬರೂ ಒಂದೇ ಸೂರಿನ ಕೆಳಗೆ ಇರಬಹುದು ಅನ್ನಿಸ್ತು. ಆ ದುಡ್ಡಲ್ಲಿ ಇವನಿಗೆ ಒಂದು ಉಣ್ಣೆ ಟೋಪಿ ತಗೊಂಡು ವಾಪಸ್ ಬಂದೆ." ಅತ್ತೆ ಬಟಾಣಿ ಸಿಪ್ಪೆಗಳನ್ನು ಒಟ್ಟುಮಾಡಿ ಒತ್ತಿದರು. "ಮಾಡಿಸಿದೆ, ಅವರೇನೋ ಹೇಳಿದ್ರು, ನನಗೆ ಅರ್ಥ ಆಗಲಿಲ್ಲ ಅಂತ ನಿಮ್ಮ ಮಾವನಿಗೆ ಸುಳ್ಳು ಹೇಳಿಬಿಟ್ಟೆ. ನೀನೂ ಹೇಳಬೇಡ."

ಮೂವತ್ತೊಂದು ವರ್ಷ ಹಳೆಯ ಗುಟ್ಟನ್ನು ಈಗ ತಾನೂ ಹೊತ್ತುಕೊಳ್ಳಬೇಕಾಯಿತೆಂದು ಸೊಸೆಗೆ ಸುಸ್ತಾಯಿತು. ಅತ್ತೆಯದು ತಪ್ಪೆಂದು ಹೇಳಲು ಬಾಯಿ ಬರಲಿಲ್ಲ, ಸರಿಯೆನ್ನಲೂ ಆಗಲಿಲ್ಲ.

ಅವತ್ತು ಸಂಜೆ ಬೇಗನೆ ಊಟಕ್ಕೆ ಕೂತಾಗ ಮ್ಯಾನೇಜರ್ ತಟ್ಟೆಯಿಂದ ತಲೆ ಎತ್ತಿ ಕೇಳಿದ:

"ಅತ್ತಿಗೆ, ಪರೀಕ್ಷೆ ಮಾಡೋದು ಪಾಪು ನನ್ನ ಥರ ಇದೆಯಾ ಅಂತ ನೋಡೋಕಾ?"

ಎಲ್ಲರ ಕೈಯೂ ನಿಂತಿತು. ಇಷ್ಟು ದಿನ ಅವನ ತಲೆಯ ಮೇಲೆಯೇ ಈ ಮಾತು ಆ ಕಡೆಯಿಂದ ಈ ಕಡೆಗೆ ಹಾರಾಡುತ್ತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ಯಾರಿಗೂ ಹೊಳೆದಿರಲಿಲ್ಲ.

"ಹೌದು" ಎಂದಳು ಅವಳು.

"ನನ್ನ ಥರ ಇದ್ರೆ?"

ಗಂಡ ನೀರಿನ ಲೋಟಕ್ಕೆ ಕೈಹಾಕಿದ. ಮಾವ ಕನ್ನಡಕ ಸರಿಮಾಡಿಕೊಂಡರು. ಅತ್ತೆ, "ತಣ್ಣಗಾಗುತ್ತೆ, ಊಟ ಮಾಡು ಮಗ" ಎಂದರು. ಅವನು ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದ, ರಾತ್ರಿ ಗ್ಯಾಸು, ನಲ್ಲಿ ನೋಡುವ ಹಾಗೆ. ಆಮೇಲೆ ಊಟ ಮಾಡಿದ.

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಅವಳು ತಲೆ ತಗ್ಗಿಸಿ, "ಮುಂದಿನೋರು ಬನ್ನಿ" ಎಂದಾಗ ಕಿಂಡಿಯೊಳಗೆ ಒಂದು ಟೋಕನ್ ಬಂತು, ಅದರ ಹಿಂದೆ ಮನೆಯಲ್ಲಿ ಮಾವನ ಹಾಳೆಯ ಜೊತೆಗಿದ್ದ ಡಾಕ್ಟರಮ್ಮನ ಚೀಟಿ, ನಾಲ್ಕು ಸಲ ಮಡಿಸಿದ್ದು, ಅಂಚಿಗೆ ಅಂಚು ಕೂಡಿಸಿದ್ದು.

"ಟೋಕನ್ ಹದಿನೇಳು" ಎಂದ ಮ್ಯಾನೇಜರ್. ಲಾಂಡ್ರಿಯ ನೀಲಿ ಅಂಗಿಯಲ್ಲೇ ಬಂದಿದ್ದ.

ಅವಳು ಕುರ್ಚಿಯಿಂದ ಅರ್ಧ ಎದ್ದಳು. "ಒಬ್ಬನೇ ಬಂದ್ಯಾ? ರಸ್ತೆ ದಾಟಿ?"

"ಸಿಗ್ನಲ್ ನೋಡಿ ಬಂದೆ. ರಕ್ತ ಕೊಡ್ತೀನಿ."

"ಅಮ್ಮನಿಗೆ ಹೇಳಿದ್ದೀಯಾ?"

"ಹೇಳಿದೆ."

"ಏನಂದ್ರು?"

"ಬೇಡ ಅಂದ್ರು."

"ಮತ್ತೆ?"

"ಅಮ್ಮನ ರಕ್ತ ಅಲ್ವಲ್ಲ ಅತ್ತಿಗೆ. ನಂದು."

ಅವನ ಹಿಂದೆ ನಿಂತಿದ್ದವರು ಗಡಿಯಾರ ನೋಡಿಕೊಂಡರು. ಅವಳು ಪಕ್ಕದವಳಿಗೆ ಕೌಂಟರು ಒಪ್ಪಿಸಿ ಹೊರಗೆ ಬಂದು ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಈ ರಕ್ತದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ತನಗೆ ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿದಳು. ಒಂಬತ್ತು ವರ್ಷದಲ್ಲಿ ಒಬ್ಬರಿಗಾದರೂ ಹಾಗೆ ಹೇಳಿದ್ದು ಅದೇ ಮೊದಲು. ಅವನು ಪೂರ್ತಿ ಕೇಳಿಸಿಕೊಂಡು, "ನೋವಾಗುತ್ತಾ?" ಎಂದ. "ಸ್ವಲ್ಪ" ಎಂದಳು. "ಸರಿ" ಎಂದ.

ಆದರೂ ಕದ್ದು ಮಾಡಿಸಲು ಮನಸ್ಸಾಗದೆ ಅತ್ತೆಗೆ ಫೋನು ಹಚ್ಚಿದಳು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

"ಅವನೇ ಬಂದನಾ?"

"ಅವನೇ ಬಂದ ಅತ್ತೆ."

ಆ ಕಡೆ ಗ್ಯಾಸ್ ಆರಿಸಿದ ಸದ್ದು. "ಎಡಗೈಲಿ ತೆಗೀರಿ" ಎಂದರು ಅತ್ತೆ ಕೊನೆಗೆ. "ನಾಳೆ ಕೆಲಸಕ್ಕೆ ಬಲಗೈ ನೋಯಬಾರದು."

ಸಂಜೆ ಮನೆಗೆ ಬಂದ ಗಂಡನಿಗೆ ಮ್ಯಾನೇಜರ್ ಎಡತೋಳಿನ ಹತ್ತಿಯನ್ನು ತೋರಿಸಿ, "ಅಣ್ಣಾ, ಸ್ವಲ್ಪವೇ ನೋವಾಗೋದು" ಎಂದ. ಗಂಡ ಅವತ್ತು ಊಟವಾದ ಮೇಲೆ ಯಾರೂ ಹೇಳದೆಯೇ ಅಷ್ಟೂ ಪಾತ್ರೆ ತೊಳೆದ, ತೊಳೆದಿದ್ದ ಪಾತ್ರೆಗಳನ್ನೂ ಸೇರಿಸಿ.

ವರದಿಗೆ ಎರಡೂವರೆ ವಾರ ಹಿಡಿಯಿತು. ಅಷ್ಟರಲ್ಲಿ ಅವಳ ಹೊಟ್ಟೆ ಕಾಣುವಂತಾಯಿತು. ಡಾಕ್ಟರಮ್ಮ ದಿನಗಳ ಲೆಕ್ಕ ಹೇಳಿ ಎಚ್ಚರಿಸಿದ್ದರು: ತೀರ ತಡವಾದರೆ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ. ಮಾವ ಕ್ಯಾಲೆಂಡರಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಗಂಡ ಮಾತ್ರ, ಕೇಳಿದ್ದಕ್ಕೂ ಕೇಳದ್ದಕ್ಕೂ, "ನೋಡೋಣ" ಎನ್ನುತ್ತಿದ್ದ.

ವರದಿ ಬಂದ ದಿನ ಅವಳು ಅದನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಹುಳಗಳನ್ನು ಜೋಡಿಸಿಟ್ಟ ಹಾಗಿನ ಚಿತ್ರ, ಕೆಳಗೆ ಒಂದು ಸಾಲು ಅಂಕಿ. ನಲವತ್ತೇಳು ಎಂಬುದು ಮಾತ್ರ ಓದಲು ಬಂತು. ಎದ್ದವಳೇ ನೇರ ಡಾಕ್ಟರಮ್ಮನ ಬಳಿ ಹೋದಳು.

"ಇದು ಸಾಮಾನ್ಯವಾಗಿ ಕಾಣೋ ಬಗೆ" ಎಂದರು ಅವರು. "ಎಲ್ಲರಿಗೂ ನಲವತ್ತಾರು ಕ್ರೋಮೋಸೋಮು, ಇವರಿಗೆ ಒಂದು ಪೂರ್ತಿ ಹೆಚ್ಚಾಗಿದೆ. ತಾನಾಗಿಯೇ ಆಗಿದ್ದು, ಮನೆತನದಲ್ಲಿ ಹರಿದು ಬಂದಿದ್ದಲ್ಲ. ನಿಮ್ಮ ಗಂಡನಿಗೆ ಪರೀಕ್ಷೆ ಬೇಕಿಲ್ಲ."

"ಹಾಗಾದ್ರೆ ನಮ್ಮ ಮಗುವಿಗೆ ಇಲ್ವಾ?"

"ಹಾಗಲ್ಲ. ಇನ್ನೂರ ಹತ್ತರಲ್ಲಿ ಒಂದು ಅನ್ನೋದು ಹಾಗೇ ಇದೆ. ಆದರೆ ಈಗ ಸೂಜಿಗೇ ಹೋಗಬೇಕು ಅಂತೇನಿಲ್ಲ, ರಕ್ತದ್ದರಿಂದ ಶುರುಮಾಡಬಹುದು. ಅಥವಾ ಏನೂ ಮಾಡಿಸದೇ ಇರಬಹುದು. ಅದು ನಿಮ್ಮಿಷ್ಟ. ಇದೆ ಅಂತ ಬಂದ್ರೆ ಏನು ಮಾಡ್ತೀರಿ ಅಂತ ಇಬ್ಬರೂ ಮಾತಾಡಿಕೊಂಡಿದ್ದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೂರು ವಾರ ದರದ ಮಾತಾಡಿದ್ದರು; ಈ ಮಾತನ್ನು ಮನೆಯಲ್ಲಿ ಆಡಿದ್ದವನು ಮ್ಯಾನೇಜರ್ ಒಬ್ಬನೇ.

ಮನೆಗೆ ಬಂದು ಹೇಳಿದಾಗ ಅತ್ತೆ ಮಡಿಸುತ್ತಿದ್ದ ಟವೆಲ್ಲನ್ನು ಮಡಿಲಲ್ಲೇ ಬಿಟ್ಟರು.

"ಯಾರ ಕಡೆಯಿಂದಲೂ ಅಲ್ವಾ?"

"ಯಾರ ಕಡೆಯಿಂದಲೂ ಅಲ್ಲ ಅತ್ತೆ. ಸುಮ್ಮನೆ ಆಗಿದ್ದು."

"ಸುಮ್ಮನೆ" ಎಂದು ಅತ್ತೆ ಆ ಪದವನ್ನು ಅಗಿದು ನೋಡಿದರು. ನಿರಾಳವಾಗುತ್ತಾರೆಂದುಕೊಂಡಿದ್ದ ಸೊಸೆಗೆ ಅವರ ಮುಖ ಕೆಂಪಗಾದದ್ದು ಕಂಡು ಗಾಬರಿಯಾಯಿತು. ಅತ್ತೆ ಮಾವನ ಕಡೆ ತಿರುಗಿದರು. "ನಿಮ್ಮಕ್ಕನಿಗೆ ಫೋನ್ ಮಾಡಿ."

"ಈಗಾ? ಅವಳಿಗೆ ಎಂಬತ್ತಾರು ಕಣೇ. ಕಿವಿ ಕೇಳಿಸಲ್ಲ."

"ಜೋರಾಗಿ ಹೇಳಿ."

ಮಾವ ಹೆಂಡತಿಯ ಮುಖ ನೋಡಿದರು. ಆ ಮುಖವನ್ನು ನೋಡಿಯೇ ಫೋನು ತೆಗೆದರು. "ಅಕ್ಕಾ, ನಾನು! ಚಿಕ್ಕವನ ರಿಪೋರ್ಟ್ ಬಂತು! ಅದು ಯಾರ ಕಡೆಯಿಂದಲೂ ಬಂದಿದ್ದಲ್ಲ! ಇವಳ ಕಡೆಯಿಂದ ಅಲ್ಲ! ಅಲ್ಲ, ಪೋಸ್ಟು ಅಲ್ಲ, ರಿಪೋರ್ಟು! ಇವಳ ಕಡೆಯಿಂದ ಅಲ್ಲ!" ಮೂರು ಮಹಡಿಗೂ ಕೇಳಿಸುವಂತೆ ನಾಲ್ಕು ಸಲ ಕೂಗಿದರು. ಎದುರುಮನೆಯ ಕಿಟಕಿ ತೆರೆಯಿತು. ಫೋನಿಟ್ಟು ಬೆವರೊರೆಸಿಕೊಂಡು, "ಸಂತೋಷ, ಅವನಿಗೆ ಬೇಗ ವಾಸಿಯಾಗಲಿ ಅಂದಳು" ಎಂದರು.

ಅತ್ತೆ ನಗಲು ಶುರುಮಾಡಿದರು. ನಗು ಯಾವಾಗ ಅಳುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. "ಮೂ... ಮೂವತ್ತೊಂದು ವರ್ಷ" ಎಂದರು. ಆಮೇಲೆ ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬಂದದ್ದನ್ನೂ ಎಲ್ಲರೆದುರು ಹೇಳಿಬಿಟ್ಟರು. ಮಾವ, "ನನಗೆ ಹೇಳಬಾರದಿತ್ತಾ?" ಎಂದರು. "ನೀವು ಕೇಳಬಾರದಿತ್ತಾ?" ಎಂದರು ಅತ್ತೆ. ಮಾವ ಎದ್ದು ಹೋಗಿ ಎರಡು ಲೋಟ ಟೀ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಅತ್ತೆ ಹಾಗೇ ಕುಡಿದರು.

ಮರುದಿನ ಬೆಳಿಗ್ಗೆ ಗಂಡ ಅವಳನ್ನು ಲ್ಯಾಬಿಗೆ ಬಿಡಲು ಬಂದವನು ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯದೆಯೇ ಹೇಳಿದ, "ನಾನು ಕೊಡಬೇಕಿತ್ತು. ಹೆದರಿಕೊಂಡೆ."

"ಗೊತ್ತು."

"ಇದೆ ಅಂತ ಬಂದ್ರೆ ಏನು ಮಾಡೋದು?"

"ನನಗೆ ಗೊತ್ತಿಲ್ಲ ರೀ. ಮ್ಯಾನೇಜರ್ ಮುಖ ನೋಡಿದ್ರೆ ಇರಲಿ ಅನ್ನಿಸುತ್ತೆ. ಅತ್ತೆ ಪಟ್ಟ ಪಾಡು ನೆನೆದ್ರೆ ಭಯ ಆಗುತ್ತೆ. ನಿಮಗೆ?"

"ನನಗೂ ಗೊತ್ತಿಲ್ಲ."

ಮದುವೆಯಾದ ಮೇಲೆ ಅಷ್ಟು ಸಲೀಸಾಗಿ ಇಬ್ಬರೂ ಒಂದೇ ಮಾತಿಗೆ ಬಂದದ್ದು ಕಡಿಮೆ. ಇಪ್ಪತ್ತೆರಡು ಸಾವಿರದ್ದನ್ನೇ ಮಾಡಿಸಿದರು. ಬೈಕ್ ಮಾರಲಿಲ್ಲ, ಅವಳು ತನ್ನ ಉಳಿತಾಯದಿಂದ ಅರ್ಧ ತೆಗೆದಳು, ಉಳಿದರ್ಧ ಮಾವ ತಂದು ಕೈಗಿಟ್ಟರು.

ಹತ್ತು ದಿನಕ್ಕೆ ವರದಿ ಬಂತು. ಸಾಧ್ಯತೆ ತೀರ ಕಡಿಮೆ, ಹತ್ತು ಸಾವಿರಕ್ಕೆ ಒಂದೂ ಇಲ್ಲ. ಅಂದಾಜೇ, ಆದರೆ ಇನ್ನು ಸೂಜಿ ಬೇಡ ಎಂದರು ಡಾಕ್ಟರಮ್ಮ. ಮನೆಯಲ್ಲಿ ಗಂಡ ಅವಳ ಎರಡೂ ಕೈ ಹಿಡಿದುಕೊಂಡು ಗಿರಕಿ ಹೊಡೆಯುವಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ.

"ಪಾಪು ನನ್ನ ಥರ ಅಲ್ವಾ?"

"ಅಲ್ಲ ಕಣೋ!" ಎಂದ ಅಣ್ಣ ಖುಷಿಯ ಭರದಲ್ಲಿ. ಆಮೇಲೆ ಹೆಂಡತಿಯ ಕೈ ಬಿಟ್ಟ.

"ಸರಿ" ಎಂದ ಮ್ಯಾನೇಜರ್, ನಲ್ಲಿ ನೋಡಲು ಹೋದ.

ಅತ್ತೆ ಮಾಡಬೇಕೆಂದಿದ್ದ ಸಿಹಿ ಅವತ್ತು ಆಗಲಿಲ್ಲ.

ಮಾರನೆಯ ದಿನ ಸಂಜೆ ಅವನು ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದ. ಎರಡು ಹಳೆಯ ಬೆಡ್‌ಶೀಟು, ನೂರಾರು ಸಲ ಒಗೆದು ಬೆಣ್ಣೆಯಂತೆ ಮೆತ್ತಗಾದವು.

"ಯಜಮಾನರು ಕೊಟ್ಟರು, ಪಾಪು ಬಟ್ಟೆಗೆ. ಏನು ವಿಶೇಷ ಅಂತ ಕೇಳಿದ್ರು. ನಮ್ಮನೇಲಿ ನನ್ನ ಥರ ಅಲ್ಲದ ಪಾಪು ಬರುತ್ತೆ ಅಂದೆ."

ಮಾವ ಪೇಪರು ಕೆಳಗಿಟ್ಟರು. ಅತ್ತೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವನು ಯಾರ ಮುಖವನ್ನೂ ಗಮನಿಸದೆ ಒಂದು ಶೀಟು ಬಿಚ್ಚಿ ಕೊಡವಿ, "ಅತ್ತಿಗೆ, ಆ ಕಡೆ ಹಿಡೀರಿ" ಎಂದ. ಅವಳು ಎದ್ದು ಹೋಗಿ ಎರಡು ಮೂಲೆ ಹಿಡಿದುಕೊಂಡಳು.

"ನಿನ್ನೆ ನಿನಗೆ ಬೇಜಾರಾಯ್ತಾ?" ಎಂದು ಕೇಳಿದಳು.

ಅವನು ಯೋಚಿಸಿದ. "ಸ್ವಲ್ಪ."

"ಆಮೇಲೆ?"

"ಆಮೇಲೆ ಊಟ ಮಾಡಿದೆ." ಶೀಟನ್ನು ಎಳೆದು ಬಿಗಿಮಾಡಿದ. "ನಿಮಗೆ ಖುಷಿ ಆಯ್ತಾ?"

ಬೇರೆ ಯಾರಾದರೂ ಕೇಳಿದ್ದರೆ ಏನೋ ಹೇಳಿ ಜಾರಿಕೊಳ್ಳಬಹುದಿತ್ತು.

"ಆಯ್ತು ಕಣೋ" ಎಂದಳು. "ಆಮೇಲೆ ಯಾಕೋ ಅಳು ಬಂತು."

"ಬಸುರಿಯರು ಅಳ್ತಾರೆ. ಅಮ್ಮ ಹೇಳಿದ್ದಾರೆ" ಎಂದ ಅವನು. "ಮೂಲೆ ಸರಿಯಾಗಿ ಹಿಡೀರಿ ಅತ್ತಿಗೆ, ಸೊಟ್ಟ ಆಗ್ತಿದೆ."